ಅಕ್ಕನ ಟ್ಯೂಷನ್ ಕಂಪನಿಯಾಗಬೇಕಿಲ್ಲ

ಬಿ.ಎಸ್ಸಿ. ಎರಡನೇ ವರ್ಷದ ಹುಡುಗಿಯೊಬ್ಬಳು ಸಂಜೆ ಹೊತ್ತು ಮನೆಯ ಹಾಲ್‌ನಲ್ಲಿ ಐದಾರು ಮಕ್ಕಳನ್ನು ಕೂರಿಸಿಕೊಂಡು ಹತ್ತನೇ ತರಗತಿಯ ಗಣಿತ ಹೇಳಿಕೊಡುತ್ತಾಳೆ. ಮನೆಯವರು ಇದನ್ನು ವ್ಯಾಪಾರ ಎಂದು ಕರೆಯುವುದಿಲ್ಲ. ಅವರ ಪಾಲಿಗೆ ಅದು ಕೈಖರ್ಚಿನ ಬಾಬತ್ತು; ಹುಡುಗಿಗೆ ಹೊತ್ತೂ ಹೋಗುತ್ತದೆ, ನಾಲ್ಕು ಕಾಸೂ ಬರುತ್ತದೆ. ಅದೇ ಹುಡುಗಿ ಕಾಲೇಜಿನ ಉದ್ಯಮಶೀಲತೆಯ ಕಾರ್ಯಾಗಾರದಲ್ಲಿ ಎದ್ದುನಿಂತು ತನ್ನ ಟ್ಯೂಷನ್ ವಿಷಯ ಹೇಳಿದರೆ ಬೇರೆಯೇ ಉಪದೇಶ ಸಿಗುತ್ತದೆ: ಒಳ್ಳೆಯ ಹೆಸರಿಡು, ಲೋಗೊ ಮಾಡಿಸು, ಇನ್‌ಸ್ಟಾಗ್ರಾಮ್‌ನಲ್ಲಿ ಪುಟ ತೆರೆ, ಬರುವ ವರ್ಷ ಐವತ್ತು ಮಕ್ಕಳು, ಅದರ ಮುಂದಿನ ವರ್ಷ ಎರಡು ಬ್ರಾಂಚು. ಮೊದಲಿನವರು ಅವಳ ದುಡಿಮೆಯನ್ನು ಗಮನಿಸುವುದಿಲ್ಲ. ಎರಡನೆಯವರು ಅವಳು ಮಾರುತ್ತಿರುವುದು ಏನೆಂಬುದನ್ನೇ ಗಮನಿಸುವುದಿಲ್ಲ.

ನನ್ನ ವಾದ ಇಷ್ಟು. ವಿದ್ಯಾರ್ಥಿ ನಡೆಸುವ ಟ್ಯೂಷನ್ ಖಂಡಿತ ಒಂದು ವ್ಯಾಪಾರ. ಅದನ್ನು ಲೆಕ್ಕ ಬರೆದು, ಕೊಟ್ಟ ಮಾತಿಗೆ ಕಟ್ಟುಬಿದ್ದು ನಡೆಸಬೇಕು. ಆದರೆ ಅದು ಚಿಕ್ಕದಾಗಿರುವತನಕ ಮಾತ್ರ ಒಳ್ಳೆಯ ವ್ಯಾಪಾರ. ಬೆಳೆಸಲು ಹೊರಟರೆ, ಯಾವುದಕ್ಕೆಂದು ತಂದೆತಾಯಿ ದುಡ್ಡು ಕೊಟ್ಟರೋ ಅದೇ ಕರಗಿಹೋಗುತ್ತದೆ.

ಓದುತ್ತಲೇ ಓದಿಸುವುದು ನಮ್ಮ ನಾಡಿಗೆ ಹೊಸತೇನೂ ಅಲ್ಲ. ವಾರಾನ್ನದ ಕಾಲದಲ್ಲಿ ಹಳ್ಳಿಯಿಂದ ಪೇಟೆಗೆ ಓದಲು ಬಂದ ಎಷ್ಟೋ ಹುಡುಗರು ಉಳ್ಳವರ ಮನೆಯ ಮಕ್ಕಳಿಗೆ ಪಾಠ ಹೇಳಿ ತಮ್ಮ ಓದು ಮುಗಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದ ವಿಶ್ವೇಶ್ವರಯ್ಯನವರು ಕೂಡ ಮನೆಪಾಠದ ಸಂಪಾದನೆಯಲ್ಲೇ ಖರ್ಚು ನಿಭಾಯಿಸಿದವರು. ಅವರಾರೂ ಮನೆಪಾಠವನ್ನು ಸಂಸ್ಥೆಯಾಗಿ ಬೆಳೆಸಲು ಹೋಗಲಿಲ್ಲ. ಓದು ಮುಗಿಯಿತು, ಪಾಠವೂ ಮುಗಿಯಿತು.

ಬೆಳೆಸಲು ಹೋದವರ ಕಥೆಯೂ ಇದೆ, ಅದು ಹುಟ್ಟಿದ್ದು ನಮ್ಮ ಪಕ್ಕದಲ್ಲೇ. 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳಿಗಾಗಿ ನಡೆಯುತ್ತಿದ್ದ ಶಾಲೆಯನ್ನು ಆಂಡ್ರ್ಯೂ ಬೆಲ್ ಎಂಬ ಪಾದ್ರಿ ವಹಿಸಿಕೊಂಡ. ಊರಿನ ಜಗಲಿ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುವುದನ್ನು ಕಂಡು, ಅದನ್ನೇ ತನ್ನ ಶಾಲೆಯಲ್ಲಿ ತರಲು ನೋಡಿದ. ಮೇಷ್ಟ್ರುಗಳು ಮನಸ್ಸು ಕೊಡಲಿಲ್ಲ. ಆಗ ಹುಡುಗರ ಕೈಯಲ್ಲೇ ತಮಗಿಂತ ಚಿಕ್ಕವರಿಗೆ ಹೇಳಿಸಿದ, ಕೆಲಸ ಸಾಗಿತು. 1797ರಲ್ಲಿ ಅವನು ಲಂಡನ್ನಿನಲ್ಲಿ ಇದರ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದ. ಮುಂದೆ ಅದು ‘ಮದ್ರಾಸ್ ಪದ್ಧತಿ’ ಎಂದು ಹೆಸರಾಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಜೋಸೆಫ್ ಲ್ಯಾಂಕಾಸ್ಟರ್ ಎಂಬವನು ಲಂಡನ್ನಿನಲ್ಲಿ ಅಂಥದೇ ಏರ್ಪಾಡಿನಿಂದ ಒಬ್ಬನೇ ಮೇಷ್ಟ್ರ ಕೈಕೆಳಗೆ ನೂರಾರು ಮಕ್ಕಳನ್ನು ಕೂರಿಸಿ ತೋರಿಸಿದ. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಅದು ಅಗ್ಗದ ದಾರಿಯಾಗಿ ಕಂಡಿತು. ಆದರೆ ಪಕ್ಕದಲ್ಲಿ ಕೂತು ಹೇಳಿಕೊಡುವುದರಲ್ಲಿದ್ದ ಸತ್ವ ನೂರಾರು ಮಕ್ಕಳ ಸಾಲಿನಲ್ಲಿ ಉಳಿಯಲಿಲ್ಲ. ಉಳಿದದ್ದು ಒಕ್ಕೊರಲಿನ ಬಾಯಿಪಾಠದ ಕವಾಯತು. ಹತ್ತೊಂಬತ್ತನೇ ಶತಮಾನದ ಮಧ್ಯಭಾಗಕ್ಕೆ ಬರುವಾಗ ಇಂಗ್ಲೆಂಡೇ ಅದನ್ನು ಬಿಟ್ಟು ತರಬೇತಿ ಪಡೆದ ಶಿಕ್ಷಕರ ಕಡೆಗೆ ತಿರುಗಿತ್ತು.

ಹಾಗಾದರೆ ಆ ಸತ್ವ ಯಾವುದು? ಪದವಿ ಓದುತ್ತಿರುವ ಹುಡುಗಿಗೆ ಶಾಲೆಯ ಗಣಿತದ ಮೇಷ್ಟ್ರಿಗಿಂತ ಹೆಚ್ಚು ಗಣಿತ ಬರುವುದಿಲ್ಲ. ಬಿ.ಇಡಿ. ಆಗಿಲ್ಲ, ಅನುಭವವಿಲ್ಲ. ಅವಳಲ್ಲಿ ಇರುವುದು ಒಂದೇ: ತನಗೆ ಅರ್ಥವಾಗದೆ ಇದ್ದದ್ದು ಯಾವಾಗ, ಎಲ್ಲಿ ಎಂಬ ಹಸಿ ನೆನಪು. ಈಗಷ್ಟೇ ಹೊಳೆ ದಾಟಿದವರಿಗೆ ಜಾರುವ ಕಲ್ಲು ಯಾವುದೆಂದು ಅಂಗಾಲಿಗೇ ಗೊತ್ತಿರುತ್ತದೆ. ಇಪ್ಪತ್ತು ವರ್ಷದಿಂದ ದಾಟುತ್ತಿರುವವರು ಅದನ್ನು ಗಮನಿಸದೆ ದಾಟುತ್ತಾರೆ.

ವರ್ಗ ಸಮೀಕರಣದ ಲೆಕ್ಕವನ್ನು ಮತ್ತೆ ಮತ್ತೆ ತಪ್ಪು ಮಾಡುವ ಹುಡುಗನನ್ನು ತೆಗೆದುಕೊಳ್ಳಿ. ಅವನ ಪಕ್ಕ ಕೂತು ಒಂದೊಂದು ಸಾಲನ್ನೂ ನೋಡಿದರೆ ಗೊತ್ತಾಗುತ್ತದೆ, ಅವನಿಗೆ ವರ್ಗ ಸಮೀಕರಣದ ಸೂತ್ರ ಬಾಯಿಗೆ ಬರುತ್ತದೆ, ತಪ್ಪುವುದು ಬೇರೆ ಕಡೆ. ಆವರಣದ ಹಿಂದೆ ಮೈನಸ್ ಇದ್ದರೆ ಒಳಗಿನ ಎಲ್ಲ ಪದಗಳ ಚಿಹ್ನೆಯೂ ಬದಲಾಗಬೇಕು. ಅವನು ಮೊದಲಿನದನ್ನು ಬದಲಿಸಿ ಎರಡನೆಯದನ್ನು ಹಾಗೇ ಬಿಡುತ್ತಾನೆ. ಆ ತಪ್ಪು ಹತ್ತನೇ ತರಗತಿಯದಲ್ಲ, ಎರಡು ಮೂರು ವರ್ಷ ಹಳೆಯದು. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ ಐದನೇ ಎರಡು ಎಂದು ಬರೆಯುವ ಹುಡುಗಿಗೆ ತ್ರಿಕೋನಮಿತಿಯ ನಿತ್ಯಸಮೀಕರಣ ಹೇಳಿ ಏನು ಫಲ? ಅವಳು ಮೇಲಿನ ಅಂಕಿ ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ ಕೂಡಿಸಿದ್ದಾಳೆ. ಅವಳ ಮಟ್ಟಿಗೆ ಅದರಲ್ಲೊಂದು ತರ್ಕವಿದೆ. ಆ ತರ್ಕವನ್ನು ಕೇಳಿಸಿಕೊಳ್ಳದೆ ತಿದ್ದಲು ಆಗುವುದಿಲ್ಲ. ಶಾಲೆಯ ಮೇಷ್ಟ್ರಿಗೂ ಇದು ತಿಳಿದದ್ದೇ. ಆದರೆ ಅವರ ಎದುರಿಗೆ ಕಿಕ್ಕಿರಿದ ತರಗತಿ, ಮುಗಿಸಲೇಬೇಕಾದ ಪಠ್ಯ, ನಡುನಡುವೆ ಚುನಾವಣೆ, ಸಮೀಕ್ಷೆಯ ಕೆಲಸ. ‘ಸರ್, ಗೊತ್ತಾಗ್ಲಿಲ್ಲ’ ಎನ್ನಲು ಹೆದರುವ ಮಗು ‘ಅಕ್ಕಾ, ಇದು ಹೆಂಗೆ ಬಂತು?’ ಎಂದು ಕೇಳಲು ಹೆದರುವುದಿಲ್ಲ.

ಇದು ಬರೀ ಭಾವನೆಯ ಮಾತಲ್ಲ. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ಒಬ್ಬೊಬ್ಬರನ್ನೇ ಕೂರಿಸಿ ಕಲಿಸಿದ ಸಾಧಾರಣ ವಿದ್ಯಾರ್ಥಿ ಮಾಮೂಲು ತರಗತಿಯ ಶೇ 98ರಷ್ಟು ಮಕ್ಕಳಿಗಿಂತ ಮುಂದಿರುತ್ತಾನೆ ಎಂದು ಹೇಳಿದ್ದರು. ಆ ಅಂಕಿ ಉತ್ಪ್ರೇಕ್ಷೆಯದೆಂದು ಆಮೇಲಿನ ಅಧ್ಯಯನಗಳು ತೋರಿಸಿದವು. 2011ರಲ್ಲಿ ಕರ್ಟ್ ವಾನ್‌ಲೆನ್ ಎಂಬ ಸಂಶೋಧಕ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ, ಲಾಭ ಬ್ಲೂಮ್ ಹೇಳಿದ್ದರ ಅರ್ಧಕ್ಕೂ ಕಡಿಮೆಯಿತ್ತು, ಆದರೂ ಗಣನೀಯವಾಗಿಯೇ ಇತ್ತು. ವಾನ್‌ಲೆನ್ ಅವರ ಇನ್ನೊಂದು ಮಾತು ನಮ್ಮ ಚರ್ಚೆಗೆ ಮುಖ್ಯ. ಉತ್ತರ ಸರಿಯೋ ತಪ್ಪೋ ಎಂದಷ್ಟೇ ಹೇಳುವ ಕಂಪ್ಯೂಟರ್ ಪಾಠದಿಂದ ಸಿಗುವ ಲಾಭ ಸಣ್ಣದು. ಲೆಕ್ಕದ ಪ್ರತಿ ಹಂತವನ್ನೂ ನೋಡಿ ಅಲ್ಲಲ್ಲೇ ತಿದ್ದುವ ಪಾಠದಿಂದ ಸಿಗುವ ಲಾಭ ಅದರ ಎರಡು ಪಟ್ಟಿಗೂ ಹೆಚ್ಚು. ಅಂದರೆ ಕೆಲಸ ಮಾಡುವುದು ಪಾಠ ಹೇಳುವವರ ಪಾಂಡಿತ್ಯಕ್ಕಿಂತ, ಮಗು ಬರೆಯುತ್ತಿರುವ ಸಾಲಿನ ಮೇಲೆ ಅವರಿಟ್ಟಿರುವ ಕಣ್ಣು. ಒಂದು ಜೋಡಿ ಕಣ್ಣು ಒಂದೂವರೆ ಗಂಟೆಯಲ್ಲಿ ಎಷ್ಟು ನೋಟ್‌ಬುಕ್ ನೋಡಬಲ್ಲದು? ಆರು ಎನ್ನೋಣ, ಹೆಚ್ಚೆಂದರೆ ಎಂಟು.

ಈಗ ಲೆಕ್ಕದ ಪುಸ್ತಕ ತೆಗೆಯೋಣ. ಊಹೆಗೆ ಒಂದು ಉದಾಹರಣೆ: ಆರು ಮಕ್ಕಳು, ತಲೆಗೆ ತಿಂಗಳಿಗೆ 700 ರೂಪಾಯಿ, ಒಟ್ಟು 4,200. ತಿಂಗಳಿಗೆ 22 ದಿನ, ದಿನಕ್ಕೆ ಒಂದೂವರೆ ಗಂಟೆ. ಪಾಠಕ್ಕೆ 33 ಗಂಟೆ. ಲೆಕ್ಕ ಆರಿಸುವುದು, ಟೆಸ್ಟ್ ಪೇಪರ್ ತಿದ್ದುವುದಕ್ಕೆ ಇನ್ನೊಂದು 12 ಗಂಟೆ. ಜೆರಾಕ್ಸ್, ಬೋರ್ಡಿನ ಮಾರ್ಕರ್ ಎಂದು 300 ರೂಪಾಯಿ ಕಳೆದರೆ ಉಳಿಯುವುದು 3,900. ಗಂಟೆಗೆ ಸುಮಾರು 87 ರೂಪಾಯಿ. ಜೂನ್‌ನಿಂದ ಮಾರ್ಚ್‌ವರೆಗೆ ಹತ್ತು ತಿಂಗಳಿಗೆ 39,000. ಇದೂ ಎಲ್ಲರೂ ಹೊತ್ತಿಗೆ ಸರಿಯಾಗಿ ಫೀಸು ಕೊಟ್ಟರೆ. ‘ಮುಂದಿನ ತಿಂಗಳು ಸೇರಿಸಿ ಕೊಡ್ತೀನಮ್ಮ’ ಎನ್ನುವ ಒಂದು ಮನೆಯಾದರೂ ಇದ್ದೇ ಇರುತ್ತದೆ. ಪರಿಚಯದವರಾದ್ದರಿಂದ ಕೇಳಲು ಸಂಕೋಚ. ಆದ್ದರಿಂದಲೇ ತಾರೀಖು, ಹೆಸರು, ಹಣ ಎಂಬ ಮೂರು ಕಾಲಂಗಳ ಒಂದು ನೋಟ್‌ಬುಕ್ ಬೇಕು. ಜಿಎಸ್‌ಟಿಯ ಹೆದರಿಕೆ ಬೇಡ. ಸೇವೆಗಳಿಗೆ ಅದರ ನೋಂದಣಿ ಕಡ್ಡಾಯವಾಗುವುದು ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ. ನೋಟ್‌ಬುಕ್ ಇರುವುದು ತೆರಿಗೆಗಾಗಿ ಅಲ್ಲ, ತನ್ನ ಒಂದು ಗಂಟೆಯ ಬೆಲೆ ಎಷ್ಟೆಂದು ತನಗೇ ತಿಳಿಯಲಿ ಎಂದು.

ಬೆಲೆ ತಿಳಿದ ಕೂಡಲೇ ಬೆಳೆಯುವ ಆಸೆ ಹುಟ್ಟುತ್ತದೆ, ಮತ್ತು ಲೆಕ್ಕ ಆ ಆಸೆಯ ಪರವಾಗಿಯೇ ನಿಲ್ಲುತ್ತದೆ. ಅದೇ ಬ್ಯಾಚಿಗೆ ಹನ್ನೆರಡು ಮಕ್ಕಳನ್ನು ಕೂರಿಸಿದರೆ 8,400 ಬರುತ್ತದೆ. ಪಾಠದ ಗಂಟೆ ಅಷ್ಟೇ, ತಿದ್ದುವ ಗಂಟೆ ಮಾತ್ರ ಇಮ್ಮಡಿ. ಖರ್ಚು ಕಳೆದು ನೋಡಿದರೆ ಗಂಟೆಗೆ 137 ರೂಪಾಯಿ. ಇದನ್ನು ಯಾಕೆ ಬಿಡಬೇಕು? ಹೆಚ್ಚಾದ 50 ರೂಪಾಯಿ ಎಲ್ಲಿಂದ ಬಂತೆಂದು ನೋಡಬೇಕು. ಅದು ಬಂದದ್ದು ಪ್ರತಿ ಮಗುವಿನ ಪಾಲಿನ ಕಣ್ಣನ್ನು ಅರ್ಧ ಮಾಡಿ. ಹಾಗೆ ಬೇಡವೆಂದರೆ ಆರಾರು ಮಕ್ಕಳ ಎರಡು ಬ್ಯಾಚು ಮಾಡಬಹುದು. ಆಗ ತಿಂಗಳಿಗೆ 90 ಗಂಟೆ, ದಿನಕ್ಕೆ ನಾಲ್ಕು ಗಂಟೆಯ ಹತ್ತಿರ. ಗಂಟೆಯ ಬೆಲೆ ಮತ್ತೆ 87. ಆ ಹೆಚ್ಚಿನ ಹಣ ಬಂದದ್ದು ಅವಳ ಸ್ವಂತ ಓದಿನಿಂದ. ಮೂರನೆಯ ದಾರಿ ಗೆಳತಿಯರನ್ನು ಸಂಬಳಕ್ಕಿಟ್ಟು ತಾನು ಮೇಲುಸ್ತುವಾರಿ ಮಾಡುವುದು. ಆಗ ಪಾಠ ಹೇಳುವವರಿಗೆ ಗಂಟೆಗೆ 87ಕ್ಕಿಂತ ಕಡಿಮೆ ಸಿಗಬೇಕು, ಇಲ್ಲವೇ ಮಕ್ಕಳು ಹೆಚ್ಚು ಕೊಡಬೇಕು. ಹೀಗೆ ಯಾವ ದಾರಿ ಹಿಡಿದರೂ ಬೆಳವಣಿಗೆಯ ಲಾಭವೆಂಬುದು ಯಾರದೋ ಪಾಲಿನಿಂದ ಕಿತ್ತದ್ದೇ. ದೋಸೆಯ ಹೋಟೆಲಿನಲ್ಲಿ ಹಾಗಾಗಬೇಕೆಂದಿಲ್ಲ, ಏಕೆಂದರೆ ದೊಡ್ಡ ಕಾವಲಿಯಲ್ಲಿ ಹುಯ್ದ ದೋಸೆ ತೆಳ್ಳಗಾಗುವುದಿಲ್ಲ. ಗಮನ ಮಾತ್ರ ಹಂಚಿದಷ್ಟೂ ತೆಳ್ಳಗಾಗುತ್ತದೆ.

ಬೆಂಗಳೂರು ಇದರ ದೊಡ್ಡ ಉದಾಹರಣೆಯನ್ನು ಕಣ್ಣಾರೆ ಕಂಡಿದೆ. ಸ್ನೇಹಿತರಿಗೆ ಕ್ಯಾಟ್ ಪರೀಕ್ಷೆಗೆ ಹೇಳಿಕೊಡುವುದರಿಂದ ಶುರುಮಾಡಿದ ಬೈಜು ರವೀಂದ್ರನ್ ಅವರ ಪಾಠ ಸಭಾಂಗಣಗಳಿಗೆ, ಕ್ರೀಡಾಂಗಣಗಳಿಗೆ ಹಬ್ಬಿ, 2011ರಲ್ಲಿ ಕಂಪನಿಯಾಗಿ, 2015ರಲ್ಲಿ ಆ್ಯಪ್ ಆಗಿ, 2022ರಲ್ಲಿ 22 ಶತಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿತು. 2024ರ ಜುಲೈನಲ್ಲಿ ಅದೇ ಕಂಪನಿಯ ಮೇಲೆ ದಿವಾಳಿ ಪ್ರಕ್ರಿಯೆ ಆರಂಭಿಸಲು ಕಂಪನಿ ನ್ಯಾಯಮಂಡಳಿ ಆದೇಶಿಸಿತು. ಅದರ ಕುಸಿತಕ್ಕೆ ಸಾಲ, ಖರೀದಿಗಳು, ಲೆಕ್ಕಪತ್ರಗಳ ವಿಳಂಬ ಎಂದು ಹಲವು ಕಾರಣಗಳಿವೆ. ಎಲ್ಲವನ್ನೂ ಪಾಠದ ಗುಣಕ್ಕೆ ಅಂಟಿಸುವುದು ಅನ್ಯಾಯ. ಆದರೂ ಒಂದು ಮಾತು ನಿಜ. ಕಾರ್ಯಾಗಾರಗಳಲ್ಲಿ ವಿದ್ಯಾರ್ಥಿಗಳಿಗೆ ಆದರ್ಶವೆಂದು ತೋರಿಸುತ್ತಿದ್ದ ಆ ಏಣಿಯ ಮೇಲಿನ ಮೆಟ್ಟಿಲುಗಳಲ್ಲಿ ನಡೆಯುತ್ತಿದ್ದುದು ಬಂಡವಾಳದ ವ್ಯವಹಾರ. ಮಗುವಿನ ನೋಟ್‌ಬುಕ್ ಇದ್ದದ್ದು ಕೆಳಗಿನ ಮೆಟ್ಟಿಲಿನಲ್ಲಿ.

ಇಷ್ಟು ಹೇಳಿದ ಮೇಲೂ ಮೂರು ಆಕ್ಷೇಪಗಳಿಗೆ ಉತ್ತರ ಕೊಡಬೇಕು.

ಮೊದಲನೆಯದು ಅರ್ಹತೆಯದು. ಡಿಗ್ರಿಯೇ ಮುಗಿಯದವರು ಮಕ್ಕಳಿಗೆ ಪಾಠ ಹೇಳಬಹುದೇ? ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಕೋಚಿಂಗ್ ಕೇಂದ್ರಗಳ ಮಾರ್ಗಸೂಚಿ ಪದವಿಗಿಂತ ಕಡಿಮೆ ಓದಿದವರನ್ನು ಬೋಧನೆಗೆ ಇಟ್ಟುಕೊಳ್ಳಬಾರದು, 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು ಎನ್ನುತ್ತದೆ. ಆದರೆ ಅದು ಅನ್ವಯಿಸುವುದು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ. ಆರು ಮಕ್ಕಳ ಮನೆಪಾಠ ಅದರ ಹೊರಗಿದೆ. ಈ ಗೆರೆಯಲ್ಲಿ ಒಂದು ವಿವೇಕವಿದೆ ಎಂದು ನನಗನ್ನಿಸುತ್ತದೆ: ಸಂಸ್ಥೆಗೆ ಪದವಿ ಬೇಕು, ಏಕೆಂದರೆ ಅಲ್ಲಿ ಪಾಠ ಹೇಳುವವರನ್ನು ತಂದೆತಾಯಿ ಅರಿಯರು. ಅಕ್ಕನನ್ನು ಬೀದಿಯೆಲ್ಲ ಅರಿತಿದೆ. ಇನ್ನೊಂದು ಬದಿಯನ್ನೂ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸಬಾರದೆಂದು ಕಟ್ಟುಮಾಡಿದೆ. ತರಗತಿಯಲ್ಲಿ ಅರ್ಧ ಹೇಳಿ ಉಳಿದರ್ಧವನ್ನು ಮನೆಯಲ್ಲಿ ಮಾರುವ ಆಮಿಷ ಅವರಿಗಿರಬಾರದು. ಎಸ್ಸೆಸ್ಸೆಲ್ಸಿ ಗಣಿತದ ನೂರರಲ್ಲಿ 20 ಆಂತರಿಕ ಅಂಕ ಶಾಲೆಯ ಕೈಯಲ್ಲಿರುವಾಗ ಈ ಎಚ್ಚರ ಬೇಕೇ ಬೇಕು. ವಿದ್ಯಾರ್ಥಿನಿಯ ಕೈಯಲ್ಲಿ ಅಂಥ ಅಂಕಗಳಿಲ್ಲ. ಮಗು ಅವಳ ಹತ್ತಿರ ಬಂದರೆ ಅದು ಹೆದರಿಕೆಯಿಂದಲ್ಲ.

ಎರಡನೆಯ ಆಕ್ಷೇಪ ಗಂಭೀರವಾದದ್ದು: ಟ್ಯೂಷನ್ ಎಂಬುದೇ ಅಸಮಾನತೆಯ ಯಂತ್ರ. ದುಡ್ಡಿದ್ದವರ ಮಕ್ಕಳಿಗೆ ಎರಡನೇ ಪಾಠ, ಇಲ್ಲದವರಿಗೆ ಒಂದೇ. ಅಸರ್ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ 1ರಿಂದ 8ನೇ ತರಗತಿಯವರಲ್ಲಿ ದುಡ್ಡು ಕೊಟ್ಟು ಟ್ಯೂಷನ್‌ಗೆ ಹೋಗುವವರು 2018ರಲ್ಲಿ ಶೇ 26.4 ಇದ್ದವರು 2022ಕ್ಕೆ ಶೇ 30.5 ಆದರು. ನಮ್ಮಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ ಮೇಲೆ ಎಸ್ಸೆಸ್ಸೆಲ್ಸಿಯ ನಿಜಬಣ್ಣ ಕಾಣತೊಡಗಿದೆ. 2025ರ ಪರೀಕ್ಷೆ-1ರಲ್ಲಿ ರಾಜ್ಯದ ಫಲಿತಾಂಶ ಶೇ 66.14, ದಕ್ಷಿಣ ಕನ್ನಡ ಶೇ 91 ದಾಟಿದರೆ ಕಲಬುರಗಿ ಶೇ 42ರ ಆಸುಪಾಸು. ಟ್ಯೂಷನ್ ಎಲ್ಲಿ ಹೆಚ್ಚು ಬೇಕೋ ಅಲ್ಲಿ ಫೀಸು ಕೊಡುವ ಶಕ್ತಿ ಕಡಿಮೆ. ಇದಕ್ಕೆ ಅಂತಿಮ ಉತ್ತರ ಶಾಲೆ ಗಟ್ಟಿಯಾಗುವುದೇ. ಅದಕ್ಕೆ ಬದಲಿ ಇಲ್ಲ.

ಆದರೆ ನಿಷೇಧ ಉತ್ತರವೇ? ದಕ್ಷಿಣ ಕೊರಿಯಾ ಅದನ್ನು ಮಾಡಿ ನೋಡಿದೆ. 1980ರಲ್ಲಿ ಅಲ್ಲಿನ ಸೇನಾಡಳಿತ ಖಾಸಗಿ ಪಾಠವನ್ನು ಪೂರಾ ನಿಷೇಧಿಸಿತು. ಪಾಠ ನಿಲ್ಲಲಿಲ್ಲ, ಕದ್ದು ನಡೆಯಿತು. ಕದ್ದು ನಡೆದಾಗ ಅದರ ಬೆಲೆ ಏರಿತು, ಏರಿದ ಬೆಲೆ ಕೊಡಬಲ್ಲವರು ಸಿರಿವಂತರು ಮಾತ್ರ. 1989ರಲ್ಲಿ ಸರ್ಕಾರ ಕಾಲೇಜು ವಿದ್ಯಾರ್ಥಿಗಳು ಹೇಳುವ ಪಾಠಕ್ಕೆ ವಿನಾಯಿತಿ ಕೊಟ್ಟಿತು. 2000ದಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ನಿಷೇಧವನ್ನೇ ತಳ್ಳಿಹಾಕಿತು. ಇಷ್ಟು ಕಠಿಣವಾದ ಕಾನೂನು ಸಡಿಲವಾಗುವಾಗ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದು ಆಕಸ್ಮಿಕವಿರಲಾರದು. ಟ್ಯೂಷನ್ ಇರುವುದೇ ಆದರೆ ಅದರಲ್ಲಿ ಕಡಿಮೆ ಕೇಡಿನದು ಅಗ್ಗದ, ಚಿಕ್ಕ, ನೆರೆಮನೆಯ ಟ್ಯೂಷನ್. ಅಲ್ಲಿ ಫೀಸು ನಾಲ್ಕು ಜನರ ಕೈಗೆ ಎಟುಕುತ್ತದೆ ಮತ್ತು ಆ ಹಣ ಇನ್ನೊಂದು ಓದಿಗೇ ಹೋಗುತ್ತದೆ. ಆರರಲ್ಲಿ ಒಂದು ಜಾಗವನ್ನು ಫೀಸಿಲ್ಲದ ಮಗುವಿಗೆ ಇಡಬೇಕೆಂದು ನಾನು ಹೇಳುವುದು ಧರ್ಮಕ್ಕಾಗಿ ಮಾತ್ರವಲ್ಲ. ಫೀಸು ಕೊಟ್ಟವರಿಗೂ ಕೊಡದವರಿಗೂ ಒಂದೇ ಗಮನ ಕೊಡುವುದನ್ನು ರೂಢಿಸಿಕೊಂಡವಳು ಮುಂದೆ ಯಾವ ವೃತ್ತಿಗೆ ಹೋದರೂ ಅದು ಅವಳ ಜೊತೆ ಬರುತ್ತದೆ. ಆ ಮಗುವಿನ ಹೆಸರನ್ನು ಮಾತ್ರ ಉಳಿದ ಮಕ್ಕಳಿಗೆ ಹೇಳಬಾರದು.

ಮೂರನೆಯ ಆಕ್ಷೇಪ ಅವಳ ತಂದೆತಾಯಿಯದು: ಸ್ವಂತ ಓದು ಹಾಳಾಗುತ್ತದೆ. ಆಗಬಹುದು. ರಾಜ್ಯದಲ್ಲಿ ಈಗ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಮೊದಲನೆಯದು ಮಾರ್ಚ್ ಆಸುಪಾಸು, ಅದರಲ್ಲಿ ತಪ್ಪಿದವರಿಗೆ ಆಮೇಲೆ ಮತ್ತೆ ಅವಕಾಶ. ಟ್ಯೂಷನ್ ಸುಗ್ಗಿ ಎಳೆದು ಎಳೆದು ಅವಳದೇ ಸೆಮಿಸ್ಟರ್ ಪರೀಕ್ಷೆಯ ಮೇಲೆ ಬೀಳುತ್ತದೆ. ಆದ್ದರಿಂದ ಜೂನ್‌ನಲ್ಲೇ, ಮೊದಲ ಫೀಸು ತೆಗೆದುಕೊಳ್ಳುವ ಮುಂಚೆಯೇ, ತನ್ನ ಪರೀಕ್ಷೆಯ ವಾರಗಳಲ್ಲಿ ಪಾಠ ಇರುವುದಿಲ್ಲವೆಂದು ಬರೆದು ಕೊಡಬೇಕು. ಕೊನೆ ಗಳಿಗೆಯಲ್ಲಿ ಹೇಳಿದರೆ ಅದು ಮೋಸ; ಮೊದಲೇ ಹೇಳಿದರೆ ಅದು ಕರಾರು. ಗಂಟೆಗಳು ಮಿತಿಯಲ್ಲಿದ್ದರೆ ಪಾಠ ಹೇಳುವುದು ಅವಳ ಓದಿಗೂ ಆಗಿಬರುತ್ತದೆ. ಇನ್ನೊಬ್ಬರಿಗೆ ಹೇಳಬೇಕೆಂದಾಗಲೇ ತನಗೆ ಯಾವುದು ಬರೀ ಬಾಯಿಪಾಠವಾಗಿತ್ತೆಂದು ತಿಳಿಯುವುದು. ಕನ್ನಡ ಮಾಧ್ಯಮದಲ್ಲಿ ಹತ್ತು ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಇಂಗ್ಲಿಷಿನಲ್ಲಿ ಹಾಯ್ದವರು ಇದನ್ನು ಬಲ್ಲರು. ಒಂದೇ ಸಂಗತಿಯನ್ನು ಎರಡು ಭಾಷೆಯಲ್ಲಿ ಹೇಳಲು ಬಂದಾಗ ಅದು ನಿಜಕ್ಕೂ ತಿಳಿದಿದೆ ಎಂಬ ಧೈರ್ಯ ಬರುತ್ತದೆ.

ಕಾನೂನಿನ ಗೆರೆಯ ಹೊರಗಿರುವುದೆಂದರೆ ಹೊಣೆಯ ಹೊರಗಿರುವುದಲ್ಲ. ಕೋಚಿಂಗ್ ಕೇಂದ್ರಗಳ ಆ ಮಾರ್ಗಸೂಚಿಯಲ್ಲೇ ಅಂಕ, ರ‍್ಯಾಂಕಿನ ಭರವಸೆ ಕೊಡಬಾರದು, ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಫೀಸು ಹಿಂದಿರುಗಿಸಬೇಕು ಎಂಬ ಮಾತುಗಳಿವೆ. ಅವನ್ನು ಆರು ಮಕ್ಕಳ ಟ್ಯೂಷನ್ ತಾನಾಗಿಯೇ ಒಪ್ಪಿಕೊಳ್ಳಬೇಕು. ‘ಪಾಸ್ ಮಾಡಿಸ್ತೀಯಾ?’ ಎಂದು ಕೇಳುವ ತಾಯಿಗೆ ‘ಹೂಂ ಆಂಟಿ’ ಎನ್ನುವುದು ಸುಲಭ. ಆದರೆ ಅವಳು ಕೊಡಬಲ್ಲ ಮಾತು ಬೇರೆ: ವಾರಕ್ಕೊಮ್ಮೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಬರೆದು ಕಳಿಸುತ್ತೇನೆ, ಎರಡು ತಿಂಗಳಲ್ಲಿ ಬದಲಾವಣೆ ಕಾಣದಿದ್ದರೆ ನಾನೇ ಹೇಳುತ್ತೇನೆ. ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ ‘ಪಾಸಿಂಗ್ ಪ್ಯಾಕೇಜ್’ ಎಂಬ ಆಯ್ದ ಪ್ರಶ್ನೆಗಳ ಕಟ್ಟನ್ನು ಉರುಹೊಡೆಸುವ ಒತ್ತಡ ಬರುತ್ತದೆ. ಕೊನೆಯ ಹದಿನೈದು ದಿನ ಅದನ್ನು ಮಾಡಿಸಲಿ, ತಪ್ಪಿಲ್ಲ. ಜೂನ್‌ನಿಂದಲೇ ಅದನ್ನು ಮಾಡಿಸುವುದಾದರೆ ಮಾರುಕಟ್ಟೆಯಲ್ಲಿ ಸಿಗುವ ಗೈಡು ಅವಳಿಗಿಂತ ಅಗ್ಗ.

ಮಕ್ಕಳ ಸುರಕ್ಷತೆಯ ಮಾತೂ ವ್ಯಾಪಾರದ ಮಾತೇ. ಮನೆಮಂದಿ ಓಡಾಡುವ ಕಡೆ, ಬಾಗಿಲು ತೆರೆದೇ ಪಾಠ. ಮೆಸೇಜು ಹೋಗುವುದು ತಂದೆ ಅಥವಾ ತಾಯಿಯ ಫೋನಿಗೆ. ಹೊಡೆತ, ಹೀಯಾಳಿಕೆ ಇಲ್ಲ. ಇದು ಹುಡುಗನೊಬ್ಬ ಟ್ಯೂಷನ್ ನಡೆಸುವಾಗ ಎಷ್ಟು ಅಗತ್ಯವೋ ಹುಡುಗಿ ನಡೆಸುವಾಗಲೂ ಅಷ್ಟೇ ಅಗತ್ಯ. ಇನ್ನೊಬ್ಬರ ಮನೆಗೆ ಹೋಗಿ ಹೇಳುವುದಾದರೆ ಅವಳ ಸುರಕ್ಷತೆಯೂ ಲೆಕ್ಕಕ್ಕೆ ಬರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆ ಅವಳ ಬಸ್ ಚಾರ್ಜನ್ನು ಉಳಿಸಿದೆ. ರಾತ್ರಿ ಎಂಟರ ಮೇಲೆ ಬಸ್ ಸ್ಟಾಪಿನಲ್ಲಿ ಕಾಯುವ ಹೊತ್ತನ್ನು ಉಳಿಸಿಲ್ಲ.

ಇನ್ನು ಕೊನೆಯ ಪ್ರಶ್ನೆ: ಡಿಗ್ರಿ ಮುಗಿದ ಮೇಲೆ? ಕಾರ್ಯಾಗಾರದವರ ಪ್ರಕಾರ ಆಗ ಮುಚ್ಚಿಹೋದ ಟ್ಯೂಷನ್ ಸೋತ ಉದ್ಯಮ. ನನ್ನ ಪ್ರಕಾರ ಅವಳ ಬಂಡವಾಳದ ಅವಧಿಯೇ ಅಷ್ಟು. ಅರ್ಥವಾಗದಿದ್ದ ದಿನಗಳ ನೆನಪು ಮಾಸುತ್ತಾ ಬಂದಂತೆ ಅವಳು ಬೇರೆಯವರಿಗಿಂತ ಚೆನ್ನಾಗಿ ಕೊಡಬಲ್ಲದ್ದು ಕಡಿಮೆಯಾಗುತ್ತದೆ. ಅಧ್ಯಾಪನವೇ ತನ್ನ ದಾರಿ ಅನ್ನಿಸಿದರೆ ಬಿ.ಇಡಿ. ಮಾಡಿ ಶಾಲೆಗೆ ಹೋಗಲಿ, ಅಲ್ಲಿ ಅವಳಂಥವರು ಬೇಕು. ಇಲ್ಲವಾದರೆ ತನ್ನ ಆರು ಮಕ್ಕಳನ್ನೂ, ಯಾರಿಗೆ ಎಲ್ಲಿ ತಪ್ಪುತ್ತದೆಂಬ ಟಿಪ್ಪಣಿಯನ್ನೂ ಕಾಲೇಜಿನಲ್ಲಿ ತನಗಿಂತ ಎರಡು ವರ್ಷ ಚಿಕ್ಕವಳಿಗೆ ಒಪ್ಪಿಸಿ ಹೋಗಲಿ. ಕಾಲೇಜುಗಳು ಮಾಡಬೇಕಾದದ್ದೂ ಇದೇ: ಬೆಳೆಸುವ ಕನಸು ಮಾರುವ ಬದಲು, ಹೀಗೆ ಪಾಠ ಹೇಳುವ ವಿದ್ಯಾರ್ಥಿಗಳಿಗೆ ವರ್ಷಕ್ಕೆರಡು ಸಲ ಒಬ್ಬ ಅನುಭವಿ ಶಿಕ್ಷಕರನ್ನು ಕರೆಸಿ ಮಾತಾಡಿಸಲಿ, ಲೆಕ್ಕ ಬರೆಯುವುದನ್ನು ಕಲಿಸಲಿ, ಕೆಲಸದ ಅನುಭವವೆಂದು ಒಂದು ಪತ್ರ ಕೊಡಲಿ. ಐವತ್ತು ಮಕ್ಕಳ ಒಂದು ಕೇಂದ್ರಕ್ಕಿಂತ ಆರಾರು ಮಕ್ಕಳ ಎಂಟು ಟ್ಯೂಷನ್‌ಗಳು ಊರಿಗೆ ಲೇಸು. ಸರಿಸುಮಾರು ಅಷ್ಟೇ ಮಕ್ಕಳು ಕಲಿಯುತ್ತಾರೆ, ಆದರೆ ಎಂಟು ವಿದ್ಯಾರ್ಥಿಗಳ ಫೀಸು ಕಟ್ಟಿದಂತಾಗುತ್ತದೆ.